ಎಳೆಯದ ಎಳೆ

ಪ್ಯಾರ್ನು ನದಿಯ ಕೆಸರಲ್ಲಿ ಮುನ್ನೂರು ವರ್ಷ ಮಲಗಿದ್ದ ದೋಣಿ
ಈಗ ನಮ್ಮ ತೊಟ್ಟಿಯಲ್ಲಿದೆ.
ಯಾರೋ ಮೀನುಗಾರರದು. ಹೆಸರಿಲ್ಲ. ಎಡಮಗ್ಗುಲು ಅರ್ಧ ಇಲ್ಲ.
ಒತ್ತಿದರೆ ನೆನೆದ ರೊಟ್ಟಿಯಂತೆ
ಬೆರಳು ಒಳಗಿಳಿಯುತ್ತದೆ.
ಮರ ಎಂದೋ ಹೋಯಿತು, ಎನ್ನುತ್ತಾಳೆ ಹೆಲ್ವೆ,
ಮರದ ಆಕಾರದಲ್ಲಿ ನಿಂತಿರುವುದು ನೀರು.
ಒಣಗಿಸಿದರೆ ನೀರು ಹೊರಡುತ್ತದೆ,
ಹೊರಡುವಾಗ ಗೋಡೆಗಳನ್ನೂ ಕರಕೊಂಡು.

ಅದಕ್ಕೇ ಈ ಮೇಣ, ನೀರಲ್ಲಿ ಕರಗುವ ಮೇಣ.
ಪೀಪಾಯಿಯ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂದಿದೆ.
ನಾನು ಎಳೆ ಎನ್ನುತ್ತೇನೆ.
ಒಂದೊಂದು ಅಣುವೂ ಒಂದು ಎಳೆ;
ಬೆಕ್ಕು ಆಡಿಬಿಟ್ಟ ನೂಲಿನ ಹಾಗೆ
ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ
ಕ್ಷಣಕ್ಕೊಂದು ಸಿಕ್ಕು.

ಮರದ ಗೋಡೆಯ ಕಿಂಡಿಯೋ,
ಒಂದು ಕೂದಲನ್ನು ಉದ್ದಕ್ಕೆ ಇಪ್ಪತ್ತು ಸಾವಿರ ಸೀಳಿದರೆ
ಒಂದು ಸೀಳು ತೂರುವಷ್ಟು.
ಮುದ್ದೆಯಾಗಿದ್ದರೆ ಒಳಗೆ ಜಾಗವಿಲ್ಲ.
ಹೋಗಬೇಕಾದರೆ ನೆಟ್ಟಗಾಗಬೇಕು,
ನೆಟ್ಟಗಾಗಲು ಆ ಸಾವಿರ ಭಂಗಿಗಳ ಆಟ ಬಿಡಬೇಕು.
ಯಾರು ಬಿಡುತ್ತಾರೆ ಸುಮ್ಮಸುಮ್ಮನೆ?

ಮೊದಲ ಚಳಿಗಾಲ ನಾನು ಅವಸರ ಮಾಡಿದೆ.
ಬೇರೊಂದು ಓಕ್ ತುಂಡಿಗೆ
ಉದ್ದನೆಯ ಎಳೆಗಳನ್ನೇ ಮೊದಲು ಸುರಿದೆ,
ಉದ್ದವಿದ್ದರೆ ಗಟ್ಟಿ ಹಿಡಿದೀತು ಎಂದು.
ಹಿಡಿಯಿತು. ಬಾಗಿಲಲ್ಲೇ ಹಿಡಿಯಿತು.
ಹಿಂದೆ ಬಂದವರಿಗೆ ದಾರಿಯಿಲ್ಲ,
ಒಳಗಿದ್ದ ನೀರಿಗೆ ಸುದ್ದಿಯಿಲ್ಲ.
ಹೊರಮೈ ಮಾತ್ರ ಹೊಸ ಮೇಜಿನಂತೆ ನುಣ್ಣಗೆ.
ಏಪ್ರಿಲ್ ತಿಂಗಳ ಒಂದು ರಾತ್ರಿ, ಟಪ್.
ಹೆಲ್ವೆ ಬೈಯಲಿಲ್ಲ.
ಆ ಎರಡು ಹೋಳು ಇನ್ನೂ ಕಿಟಕಿಯಲ್ಲಿವೆ,
ಅವಳ ಹೂಕುಂಡಕ್ಕೆ ಆಸರೆಯಾಗಿ.

ಅವಳು ಹಾಪ್ಸಾಲು ಊರಿನವಳು.
ಅಲ್ಲಿ ಶಾಲು ಉಂಗುರದೊಳಗೆ ತೂರದಿದ್ದರೆ
ಅದನ್ನು ಶಾಲು ಎನ್ನುವುದಿಲ್ಲವಂತೆ.
ಅಜ್ಜಿ ಹೆಣೆದ ಬಿಳಿಯದನ್ನು ಹೆಗಲಿಂದ ತೆಗೆದು
'ಉಂಗುರ ಕೊಡು ಟಾವೆಟ್' ಅಂದಳು.
ನನಗೆಲ್ಲಿಯ ಉಂಗುರ!
ಪಂಪಿನ ಹಳೆಯ ಹಿತ್ತಾಳೆ ವಾಷರ್ ಕೊಟ್ಟೆ.

ನಡುವಿನ ಮಡಿಕೆ ಹಿಡಿದು ತುರುಕಿದೆ. ಹೋಗಲಿಲ್ಲ.
ಇನ್ನಷ್ಟು ತುರುಕಿದೆ, ಗಂಟಾಯಿತು.
ಎಳೆಯೊಂದು ಕಚ್ಚಿಕೊಂಡಿತು, ಎಳೆಯಹೋದೆ.
'ಎಳೆಯಬೇಡ' ಅಂದಳು.
'ಸಿಕ್ಕೆಲ್ಲ ಇರುವುದು ನಡುವೆ.
ನಿನಗೆ ಸಿಕ್ಕಬೇಕಾದ್ದು ತುದಿ.'

ಮೂಲೆಯ ಒಂದು ಹೊಲಿಗೆ ಹುಡುಕಿ
ವಾಷರಿನ ಒಳಅಂಚಿಗೆ ತಾಗಿಸಿ ಬಿಟ್ಟಳು.
ಆಮೇಲೆ ಕಂಡೆ:
ಒಂದು ಮೊಳ ದಾಟಿದ ಮೇಲೆ
ಶಾಲು ತನ್ನ ತೂಕಕ್ಕೆ ತಾನೇ ಇಳಿಯಿತು.

ತೊಟ್ಟಿಯಲ್ಲಿ ತೂಕವಲ್ಲ, ಗೋಡೆಯೇ ಕರೆಯುತ್ತದೆ.
ತಾಗಿದ ಎಳೆ ಒಂದು ಕೈ ಹಿಡಿಯುತ್ತದೆ, ಇನ್ನೊಂದು ಬಿಡುತ್ತದೆ,
ನಡುವೆ ಕಮಾನಿನಂತೆ ನೀರಿನತ್ತ ಬಾಗಿರುತ್ತದೆ.
ಎಲ್ಲ ಕೈಗಳನ್ನೂ ಒಟ್ಟಿಗೆ ಬಿಡುವ ಗಳಿಗೆ
ಬರುವುದೇ ಇಲ್ಲ, ಬಂದರೂ ಅಪರೂಪ.
ಕಳಕೊಂಡ ಆಟಕ್ಕೆ ಈ ಹಿಡಿತವೇ ಕೂಲಿ,
ಲೆಕ್ಕ ಸರಿಹೋದಲ್ಲಿ ಒಳಗೆ, ತಪ್ಪಿದಲ್ಲಿ ಹೊರಗೆ.
ಈ ಸಲ ಗಿಡ್ಡ ಎಳೆಗಳು ಮೊದಲು. ಅರುವತ್ತು ಡಿಗ್ರಿ.
ಉದ್ದನೆಯವರು ಪೀಪಾಯಿಯಲ್ಲೇ ಕಾಯುತ್ತಿದ್ದಾರೆ.

ಇವತ್ತು ಟೊಳ್ಳು ಸೂಜಿ ಇಳಿಸಿ ಮಾದರಿ ತೆಗೆದೆ.
ಹನ್ನೊಂದು ತಿಂಗಳಿಗೆ ಐದು ಮಿಲಿಮೀಟರ್.
ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟು.
ಹಲಗೆಯ ನಡು ಇಪ್ಪತ್ತರಲ್ಲಿದೆ.
ಹೆಲ್ವೆ ಲಕೋಟೆಯ ಬೆನ್ನಮೇಲೆ ಗೀಚಿ,
ಹದಿನಾಲ್ಕು ವರ್ಷ ಎಂಟು ತಿಂಗಳು, ಎಂದು ಓದಿ,
ತನ್ನ ನಿವೃತ್ತಿಯ ಕೇಕಿನ ಕೊನೆಯ ತುಂಡು
ನನ್ನ ತಟ್ಟೆಗೆ ದೂಡಿದಳು.

ಹೊರಗೆ ಕೊಲ್ಲಿ ಹೆಪ್ಪುಗಟ್ಟಿದೆ.
ಅವಳ ಕಾರು ಎರಡನೇ ಸಲಕ್ಕೆ ಹತ್ತಿಕೊಂಡಿತು.
ನಾನು ಪಂಪಿನ ಸದ್ದು ಕೇಳುತ್ತಾ
ವಾಷರನ್ನು ಬೆರಳಿಗೆ ಹಾಕಿ ನೋಡಿದೆ;
ಕಿರುಬೆರಳಿಗೂ ಸಡಿಲ.