ಹದಿನೇಳನೆಯದು

ಕುಳಿತುಕೋ. ಕುರ್ಚಿಯ ಮೇಲಿನ ಬೆಕ್ಕನ್ನು ನೂಕು, ಅದಕ್ಕೆ ಅಭ್ಯಾಸವಿದೆ.
ಜ್ಯೂರಿಕ್‌ನಿಂದ ಮೊದೆನಾಗೆ, ಈ ಮಂಜಿನಲ್ಲಿ,
ಹದಿನಾರನ್ನೇ ಓಡಿಸಿಕೊಂಡು ಬಂದೆಯಲ್ಲ!
ಬೇರೆಯವರಾದರೆ ಲಾರಿಗೆ ಹಾಕಿ, ಬಟ್ಟೆ ಹೊದಿಸಿ ತರುತ್ತಾರೆ
ಹೆಣ ತಂದ ಹಾಗೆ.
ಅದಕ್ಕೇ ನಿನಗೆ ಬಾಗಿಲು ತೆರೆದದ್ದು.

ಬಂದವರೆಲ್ಲ ಕೇಳುವುದು ಒಂದೇ: ಹದಿನೇಳನೆಯದು ಎಲ್ಲಿ?
ಹದಿನೆಂಟು ಒಸಾಕಾದ ಹಲ್ಲಿನ ಡಾಕ್ಟರ ಹತ್ತಿರ,
ಮೂವತ್ತೊಂದು ಸರೋವರಕ್ಕೆ ಬಿತ್ತು, ಎತ್ತಿದರು,
ನಾಲ್ಕನ್ನು ಒಬ್ಬ ವಿಧವೆ ಕೋಳಿಗೂಡಿನಲ್ಲಿಟ್ಟು ಮರೆತಿದ್ದಳು,
ಮೊಟ್ಟೆ ಸಮೇತ ಹರಾಜಾಯಿತಂತೆ.
ಹದಿನೇಳು ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ.
ಬೀಳದ್ದಕ್ಕೇ ಬೆಲೆ.

ಗರುಟಿಯ ಶೆಡ್ಡಿನಲ್ಲಿ ನಾನು ಅಂಕಿ ಒತ್ತುವವಳು.
ಅಲ್ಯೂಮಿನಿಯಂ ತಗಡು, ಉಕ್ಕಿನ ಅಚ್ಚು, ಒಂದೇ ಪೆಟ್ಟು.
ಎರಡನೇ ಪೆಟ್ಟು ಬಿತ್ತೋ, ಅಂಕಿಗೆ ನೆರಳು ಬರುತ್ತದೆ.
ಒಂದೇ ಸಂಜೆ ಐವತ್ತನ್ನೂ ಒತ್ತಿಟ್ಟೆ,
ಆಗ ಕಾರು ಆಗಿದ್ದದ್ದು ಮೂರೋ ನಾಲ್ಕೋ.
ಕೂಸು ಹುಟ್ಟುವ ಮುಂಚೆ ಐವತ್ತು ಕುಲಾವಿ.

ರೊಂದೋನೆ ಎಂದು ಹೆಸರಿಟ್ಟ ಗರುಟಿ,
ಎಂದೂ ನೆಲಕ್ಕಿಳಿಯದ ಹಕ್ಕಿಯ ಹೆಸರು,
ಅಂಗೈ ಎತ್ತರದಲ್ಲಿ ನೆಲಕ್ಕಂಟಿ ಓಡುವ ಗಾಡಿಗೆ!

ಐವತ್ತು ಯಾಕೆ? ಅಪರೂಪವಾಗಲಿ ಅಂತಲ್ಲ, ಮಗನೇ.
ರೇಸಿನ ನಿಯಮ ಐವತ್ತು ಕೇಳುತ್ತಿತ್ತು,
ಗರುಟಿಯ ಜೇಬು ನಲವತ್ತಕ್ಕೇ ಹರಿದಿತ್ತು.
'ಸೀಮಿತ' ಎಂಬ ಮಾತು ಆಮೇಲೆ ಬಂತು, ಹೊಳಪು ಕಾಗದದ ಮೇಲೆ.
ನಾವು ಅದಕ್ಕೆ 'ಆಗಲಿಲ್ಲ' ಅನ್ನುತ್ತಿದ್ದೆವು.

ಮತ್ತೆ, ಹದಿನೇಳು ನಮ್ಮಲ್ಲಿ ಕೆಟ್ಟ ಸಂಖ್ಯೆ.
ನೇವಿಯೋ, ಪರೀಕ್ಷೆಗೆ ಓಡಿಸುವವನು, ಸಾವಿಗೂ ಕಣ್ಣು ಹೊಡೆಯುವವನು,
ಆ ಸ್ಟಿಯರಿಂಗ್ ಮುಟ್ಟೆನೆಂದು ಟೋಪಿ ತೆಗೆದು ನೆಲಕ್ಕೆಸೆದ.
ಹಾಗಾಗಿ ಹದಿನಾರರ ಮುಂದೆ ಹದಿನೆಂಟು.
ಒಟ್ಟು ನಲವತ್ತೊಂಬತ್ತು.

ಎಣಿಸಲು ಇಬ್ಬರು ಬಂದರು, ಟೈ ಕಟ್ಟಿಕೊಂಡು.
ಮುಂದಿನ ಅಂಗಳದಲ್ಲಿ ಇಪ್ಪತ್ತೈದು ನಿಲ್ಲಿಸಿದ್ದೆವು,
ಉಳಿದವು ಚೀಸ್ ಉಗ್ರಾಣದ ಹಿಂದೆ.
ಮುಂದಿನವನ್ನು ಎಣಿಸಿ ಊಟಕ್ಕೆ ಕೂತರು. ಕೆಂಪು ವೈನು, ಹಂದಿಮಾಂಸ, ಗರುಟಿಯ ಹಳೇ ಜೋಕುಗಳು.
ಅಷ್ಟರಲ್ಲಿ ಒಂದನ್ನು ಹಿಂದಕ್ಕೆ ಸಾಗಿಸಿದೆವು.
ಓಡಿಸಲಿಲ್ಲ, ಸದ್ದಾಗುತ್ತದೆ. ನೇವಿಯೋ ಕೂರಲೂ ಒಲ್ಲೆನೆಂದ.
ಐದು ಜನ ತಳ್ಳಿದೆವು, ಚಪ್ಪಲಿ ಕಳಚಿ.
ನಾನೇ ಹಳೇ ತಗಡು ಬಿಚ್ಚಿ ಹದಿನೇಳನ್ನು ಕೂರಿಸಿದೆ.
ಕೈ ನಡುಗಿತು, ಎಡಗಡೆ ಕೆಳಗಿನ ಸ್ಕ್ರೂ ಓರೆಯಾಗಿ ಇಳಿಯಿತು.

ಏನೆಂದೆ? ಇನ್ನೊಮ್ಮೆ ಹೇಳು.
ನಿನ್ನ ಕಾರಿನ ಆ ಸ್ಕ್ರೂ ಎಂದೂ ಬಿಗಿಯಾಗುವುದಿಲ್ಲವೆ?
ಮೂವರು ಮೆಕ್ಯಾನಿಕ್‌ಗಳು ಸೋತರೆ?

ಸುಮ್ಮನಾದೆ. ಚೆಕ್ ಪುಸ್ತಕ ಜೇಬಿಗೆ ಹೋಯಿತು.
ಇಗೋ, ತಗಡು. ನೀನು ಬಂದಾಗಿನಿಂದ ಇದರಿಂದಲೇ
ಹಲಗೆಯ ಹಿಟ್ಟು ಕೆರೆಯುತ್ತಿದ್ದೇನೆ. ನೋಡಲಿಲ್ಲವೆ?
ಒರೆಸಿಕೋ. ಹೆಬ್ಬೆರಳಿಟ್ಟು ನೋಡು, ನೆರಳಿಲ್ಲ.
ಹಾಗಾದರೆ ನಿನ್ನದು ಎರಡೋ, ಅರ್ಧವೋ,
ಲೆಕ್ಕ ಬಲ್ಲವರು ಹೇಳಲಿ.
ನನಗೆ ಗೊತ್ತಿರುವುದು ಅದರ ಭಾರ. ಈ ಭುಜ ಮರೆತಿಲ್ಲ.

'ಯಾರಿಗೂ ಹೇಳಬೇಡಿ' ಅನ್ನುತ್ತೀಯಲ್ಲ,
ಬೆಲೆ ಬಿದ್ದೀತೆಂದೋ, ಏರೀತೆಂದೋ?
ಬೇಡ, ಉತ್ತರ ಕೊಡಬೇಡ.
ಬೆಕ್ಕಿಗೆ ಮಾತ್ರ ಹೇಳಿದ್ದೇನೆ, ಇದು ಏಳನೇ ಬೆಕ್ಕು.

ತಗಡು ಇಲ್ಲಿಟ್ಟು ಹೋಗು, ನಾಳೆ ಭಾನುವಾರ, ಹಿಟ್ಟು ಬಹಳವಿದೆ.
ಹೋಗುವಾಗ ನನ್ನ ವಯಸ್ಸು ನೋಡಿ ಮೆಲ್ಲಗೆ ಹೋಗಬೇಡ.
ಎರಡರಿಂದ ಮೂರನೇ ಗೇರಿಗೆ ಏರುವಾಗ ಅದು
ಗಂಟಲು ಸರಿಮಾಡಿಕೊಳ್ಳುತ್ತದೆ, ಏನೋ ಹೇಳಲು ಹೊರಟವರ ಹಾಗೆ.
ಸೇತುವೆ ದಾಟುವವರೆಗೂ ಕಿಟಕಿ ತೆರೆದಿಡುತ್ತೇನೆ.
ಹಿಟ್ಟು ಒಣಗಿದರೆ ಒಣಗಲಿ.