ಅಡಿಟಿಪ್ಪಣಿ

ಅಮೀನಗಡದ ಹಿಟ್ಟಿನ ಗಿರಣಿಗೆ
ಮೆಟ್ಟಿಲಾಗಿ ಬಿದ್ದ ಕಲ್ಲು.
ಮೂರು ದಿನವಾಯಿತು ಮೊಣಕಾಲೂರಿ:
ಒದ್ದೆ ಕಾಗದ, ಬ್ರಷ್ಷು, ಮಸಿ.
ಏಳನೇ ಸಾಲು ಏಳುತ್ತಿಲ್ಲ.

ಫೋನಿನಲ್ಲಿ ಹಂಚಿನಾಳ ಸರ್:
“ಬಿ.ಎ. ಪ್ರಬಂಧಕ್ಕ ಇಷ್ಟ್ ಸಾಕವ್ವಾ,
ತ್ರುಟಿತ ಅಂತ ಬರಿ.”

ನೋಡಿ ನೋಡಿ ಬೇಸತ್ತ ಗಿರಣಿಯ ದಾವಲಸಾಬ
ಬೊಗಸೆ ಜೋಳದ ಹಿಟ್ಟು ತಂದು ಸುರಿದು
ಅಂಗೈಯಿಂದ ಸವರಿದ.
ಬೆಳ್ಳಗೆ ಎದ್ದವು:
ಸೊಡರ್ಗೆ ಎಣ್ಣೆ ಸೊಲ್ಲಗೆ ಒಂದು
ಕೊಟ್ಟಳ್—

ಯಾರು?
ಹೆಸರಿದ್ದ ಕಡೆ ನುಣುಪು.
ಕಾಳು ಹೊತ್ತವರ ಮೊದಲ ಹೆಜ್ಜೆ
ಬೀಳುವುದು ಅಲ್ಲೇ.

ಅಡಿಟಿಪ್ಪಣಿಯಲ್ಲಿ ಬರೆದುಕೊಂಡೆ:
ಓದಿಗೆ ನೆರವು, ದಾವಲಸಾಬ, ಒಂದು ಬೊಗಸೆ ಹಿಟ್ಟು.
ಸರ್ ಕೆಂಪು ಗೆರೆ ಎಳೆದಾರು. ಎಳೆಯಲಿ.

ಹೊರಡುವಾಗ ಆ ಜಾಗ ತುಳಿಯದೆ ದಾಟಿ ಇಳಿದೆ.
ಎದುರಿಗೆ ಬಂದವಳೊಬ್ಬಳು
ತಲೆಯ ಬುಟ್ಟಿ ಸರಿಪಡಿಸಿಕೊಂಡು
ಸರಿಯಾಗಿ ಅಲ್ಲೇ
ಕಾಲಿಟ್ಟು ಹತ್ತಿದಳು.