ಭರ್ತಿ, ಸುಕ್ತಿ

ಕಾಲಂ ಏಳು. ಒಂದನ್ನು ಮಾತ್ರ ಆರಿಸಿ:
ಭಾಷೆ. ಇತಿಹಾಸ. ಜಾನಪದ. ಪರಿಸರ ವಿಜ್ಞಾನ.
ಎರಡನೆಯದನ್ನು ಒತ್ತಿದರೆ ಮೊದಲಿನದು ತಾನೇ ಅಳಿಯುತ್ತದೆ.

ಕೋಡಿಬಾಗದ ಬಾಡಿಗೆ ಕೋಣೆ. ಕಿಟಕಿಗೆ ಕಾಳಿಯ ಸೇತುವೆ,
ಲಾರಿ ಹಾದಾಗೆಲ್ಲ ಗ್ಲಾಸಿನೊಳಗೆ ನೀರು ನಡುಗುತ್ತದೆ.
ಏಳು ತಿಂಗಳಾಯಿತು ಫೆಲೋಶಿಪ್ಪು ಬರದೆ;
ಬ್ಯಾಂಕಿನಿಂದ ಮೆಸೇಜು ಬಂದರೆ ಅದು
ಖಾತೆ ಬರಿದಾಗಿದ್ದಕ್ಕೆ ಹಾಕಿದ ದಂಡ.
ಮನೆಯೊಡತಿ ವತ್ಸಲಾಬಾಯಿ ಬಾಡಿಗೆ ಕೇಳುವುದಿಲ್ಲ.
ಮೆಟ್ಟಿಲಲ್ಲಿ ಸಿಕ್ಕರೆ ಮೀನಿನ ರೇಟು ಹೇಳುತ್ತಾಳೆ:
‘ಬಂಗಡೆಯೂ ಈಗ ಬಂಗಾರ, ಬಾಯಿ.’
ಅರ್ಥವಾಗುತ್ತದೆ. ಕನ್ನಡ ಎಂ.ಎ. ಮಾಡಿದವಳು,
ಧ್ವನಿ ಎಂದರೇನೆಂದು ಪಾಠವಾಗಿದೆ.

ನನ್ನ ವಿಷಯ ಸಣ್ಣದು.
ಕಿನ್ನರದಿಂದ ಕಡವಾಡದ ತನಕ ಗಜನಿ ಗದ್ದೆಗಳ ಮಣ್ಣಿನ ಕಟ್ಟೆ;
ಕಟ್ಟೆ ಮೆತ್ತುವವರ ಬಾಯಲ್ಲಿ ಆ ಮಣ್ಣಿಗೆ ಎಷ್ಟು ಹೆಸರು;
ಕಟ್ಟೆಯೊಳಗಿನ ನೀರಿಗೆ ಎಷ್ಟು ಉಪ್ಪು.
ಒಂದು ಕೈಯಲ್ಲಿ ರೆಕಾರ್ಡರು, ಇನ್ನೊಂದರಲ್ಲಿ ಉಪ್ಪಿನ ಮೀಟರು.
ಎರಡು ನಕಾಶೆ ಬರೆದು, ಒಂದರ ಮೇಲೊಂದಿಟ್ಟು
ಬೆಳಕಿಗೆ ಹಿಡಿದ ದಿನ ಮೈ ಜುಂ ಎಂದಿತ್ತು:
ಎಲ್ಲಿ ಒಂದು ಪದ ಯಾರಿಗೂ ನೆನಪಿಲ್ಲವೋ
ಅಲ್ಲೇ ಉಪ್ಪು ಒಳನುಗ್ಗಿದೆ.
ಎಲ್ಲ ಕಡೆಯಲ್ಲ. ಹನ್ನೊಂದರಲ್ಲಿ ಎಂಟು ಕಡೆ.
ಉಳಿದ ಮೂರು ಯಾಕೆ ಹಾಗೆಂದು ನನಗಿನ್ನೂ ಗೊತ್ತಿಲ್ಲ,
ಅದಕ್ಕೇ ಸ್ವಾಮಿ ದುಡ್ಡು ಕೇಳಿದ್ದು.

ವಿಜ್ಞಾನದ ಸಮಿತಿ ಬರೆಯಿತು: ಇದು ಪದಕೋಶ.
ಭಾಷೆಯ ಸಮಿತಿ ಬರೆಯಿತು: ಇದು ಮಣ್ಣು ಪರೀಕ್ಷೆ.
ಎರಡೂ ಷರಾದ ಕೊನೆಗೆ ‘ಆಸಕ್ತಿದಾಯಕವಾಗಿದೆ’,
ಹೆಣ್ಣು ನೋಡಿ ಹೋಗುವವರು
ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ ‘ತಿಳಿಸುತ್ತೇವೆ’ ಅಂದ ಹಾಗೆ.
ಗೈಡು ನಾಗ್ವೇಕರ ಸರ್ ಒಳ್ಳೆಯವರು.
ಬಹಳ ಹೊತ್ತು ಕನ್ನಡಕ ಒರೆಸಿ ಹೇಳಿದರು,
‘ಶೀರ್ಷಿಕೆಯಲ್ಲಿ ಆ “ಮತ್ತು” ಇದೆಯಲ್ಲ, ತೆಗೆದುಬಿಡು.’
ತೆಗೆದೆ. ಅಲ್ಪವಿರಾಮ ಹಾಕಿದೆ.
ಅದೂ ವಾಪಸು ಬಂತು.

ಶೇವಂತಿ ಗುನಗಿಗೆ ಇದನ್ನೆಲ್ಲ ಹೇಳಿದೆ.
ಮೊಣಕಾಲು ಮುಳುಗುವ ಕೆಸರಲ್ಲಿ ನಿಂತು
ತೂಬಿನ ಹಲಗೆ ಎತ್ತುತ್ತಿದ್ದಳು.
ಅವಳದು ಕೊಂಕಣಿ, ನನ್ನದು ಕನ್ನಡ,
ನಮ್ಮ ಮಾತು ಯಾವಾಗಲೂ ಹಾಗೇ.
‘ಆ ಕಾಗದ ಹಿಡಕೊಂಡು ಎಂತ ಮಾಡು ಅಂತಾರೆ ನಿಂಗೆ?’
‘ಭರ್ತಿ ಮಾಡು ಅಂತಾರೆ.’
ನಕ್ಕಳು. ಹಲಗೆ ಕೈಬಿಟ್ಟು ನಕ್ಕಳು.
ಅವಳಿಗೆ ಭರ್ತಿ ಅಂದರೆ ಕಡಲು ಏರಿ ಬರುವುದು,
ಇಳಿದು ಹೋದರೆ ಸುಕ್ತಿ.
‘ಅದನ್ನ ನೀನು ಮಾಡೂದಾ?
ಅದು ಚಂದ್ರನ ಕೆಲಸ.’

ಪುರ್ಸು ಹರಿಕಂತ್ರನ ದೋಣಿಗೆ ಹೋಗಿಬರಲು ನೂರೈವತ್ತು.
ರಸೀದಿ ಕೇಳಿದರೆ ಬೀಡಿಕಟ್ಟಿನ ಕಾಗದ ಹರಿದು
‘ಬಾಯಿ ನದಿ ದಾಟಿದ್ದು ಖರೆ’ ಎಂದು ಬರೆದ.
ಕೆಳಗೆ ಸಹಿ, ಸಹಿಯ ಕೆಳಗೆ ಗೆರೆ, ದಪ್ಪಗೆ.
ಶೇವಂತಿಗೆ ಮೂರು ದಿನದ ಗೌರವಧನ,
ನನ್ನ ಅಮ್ಮ ಕಳಿಸಿದ್ದರಲ್ಲಿ.
ವೋಚರು ಮುಂದಿಟ್ಟಾಗ ಅವಳು
ಕೈ ತೊಳೆಯಲೂ ಹೋಗದೆ ಹೆಬ್ಬೆಟ್ಟು ಒತ್ತಿದಳು.

ಲೆಕ್ಕಪತ್ರ ಶಾಖೆಯಿಂದ ಎರಡೂ ತಿರುಗಿ ಬಂದವು.
ಒಂದಕ್ಕೆ: ‘ಇದು ರಸೀದಿ ಅಲ್ಲ, ಹೇಳಿಕೆ.’
ಇನ್ನೊಂದಕ್ಕೆ: ‘ಗುರುತು ಅಸ್ಪಷ್ಟ. ಮಣ್ಣಾಗಿದೆ.’

ಮಣ್ಣಾಗಿದೆ.

ರಾತ್ರಿ ಬ್ಲೇಡು ತಗೊಂಡು ಮೆಲ್ಲಗೆ ಹೆರೆದೆ
ಒಣಗಿದ ಆ ಹೆಬ್ಬೆಟ್ಟಿನ ಸುಳಿಗಳನ್ನು.
ಒಂದು ಚಿಟಿಕೆಯೂ ಆಗಲಿಲ್ಲ.
ಗ್ಲಾಸಿನ ತಳದ ನೀರಿಗೆ ಉದುರಿಸಿ, ಕದಡಿ,
ಮೀಟರು ಅದ್ದಿ ಕಾದೆ.
ಸೇತುವೆಯ ಮೇಲೆ ಲಾರಿ ಹೋಯಿತು.
ಅಂಕಿ ಅಲುಗಿತು, ನಿಂತಿತು.
ಇಷ್ಟು ಮಣ್ಣಿಗೆ ಇದನ್ನು ಅಳತೆ ಅನ್ನಲಾಗದು, ಗೊತ್ತು,
ಆದರೂ ದಿನಾಂಕ ಹಾಕಿ ಬರೆದುಕೊಂಡೆ,
ಪಕ್ಕದಲ್ಲಿ, ಆ ಮಣ್ಣಿಗೆ ಅವಳು ಹೇಳಿದ ಹೆಸರು.

ದೀಪ ಆರಿಸಿದ ಮೇಲೆ ನೆನಪಾಯಿತು:
ವೋಚರಿನಲ್ಲೀಗ
ಅಸ್ಪಷ್ಟ ಗುರುತೂ ಇಲ್ಲ.